ಬಾಲದ ಇಂಜಿನ್ನಿನ ಹರಕೆ

ನಮ್ಮ ಪಡಸಾಲೆಯಲ್ಲಿ ಹತ್ತು ಜನ ಸಾಲಾಗಿ ಕೂತು ಉಣ್ಣಬಹುದು. ಆದರೂ ಸಂಜೀವ ಭಾವ ಒಬ್ಬರೇ ಕೂತಾಗಲೂ ಎರಡು ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಉಣ್ಣುವವರು. ಸಾರಿನ ಬಟ್ಟಲು ತುಂಬಿಸಿ ಕೊಟ್ಟರೆ ಬೆರಳಿನಿಂದ ಹಿಂದೆ ತಳ್ಳುವರು. "ಜಲಜ, ಅಂಚಿನವರೆಗೆ ಹಾಕ್ಬೇಡ. ಮೇಲ್ ಹೋದ್ಮೇಲೆ ಚೆಲ್ತ್ ಕಾಣ್." ಮೇಲೆ ಅಂದರೆ ಎಲ್ಲಿಗೆ? ಬಸ್ರೂರಿನ ನಮ್ಮ ಹಂಚಿನ ಮನೆ ಎಲ್ಲಿಗೂ ಹಾರುವಂಥದ್ದಲ್ಲ. ಆದರೆ ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ವಿಮಾನದ ಊಟದ ತಟ್ಟೆ ತುಂಬಿಸಿದ ಕೈ ಅದು. ಊರಿಗೆ ಬಂದ ಮೇಲೂ ಅದು ಅಳತೆ ಮರೆತಿರಲಿಲ್ಲ.

ಸಂಜೀವ ಭಾವ ನಮ್ಮನೆಯವರ ಅಣ್ಣ. ಮುಂಬೈಯಲ್ಲಿ ಊರವರದೇ ಹೋಟೆಲಿನಲ್ಲಿ ಲೋಟ ತೊಳೆದು, ಅಡುಗೆ ಕಲಿತು, ಅಲ್ಲಿಂದ ಗಲ್ಫಿಗೆ ಹೋದವರು. ಮದುವೆಯಾಗಲಿಲ್ಲ. ಕೆಲಸ ಬಿಟ್ಟ ಮೇಲೆ ನಮ್ಮ ಜೊತೆಯಲ್ಲೇ ಇದ್ದರು. ಗಂಡಸರು ಅಡುಗೆಮನೆಯ ಹೊಸಿಲು ದಾಟುವುದು ನೀರು ಬೇಕಾದಾಗ ಮಾತ್ರ ಎಂದು ತಿಳಿದಿದ್ದ ನನಗೆ, ದಿನಾ ಬೆಳಿಗ್ಗೆ ಬಂದು ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಎದುರು ಕೂರುವ ಭಾವ ಸಿಕ್ಕಿದ್ದು ನಮ್ಮೂರ ದೇವಿ ಅಮ್ಮನ ದಯೆ. ಇಪ್ಪತ್ತು ವರ್ಷದಲ್ಲಿ ನಾನು ಒಬ್ಬಳೇ ಕೂತು ತರಕಾರಿ ಹೆಚ್ಚಿದ ದಿನ ಬಹಳ ಇಲ್ಲ.

ಎಲ್ಲ ವಿಮಾನವೂ ಅವರಿಗೆ ವಿಮಾನವಲ್ಲ. ಎರಡು ರೆಕ್ಕೆಯ ಕೆಳಗೆ ಒಂದೊಂದು, ಬಾಲದ ಬುಡದಲ್ಲಿ ಇನ್ನೊಂದು, ಹೀಗೆ ಮೂರು ಇಂಜಿನ್ ಇದ್ದರೆ ಮಾತ್ರ ವಿಮಾನ. ಒಂದು ದಿನ ನನ್ನ ಮುಂದಿದ್ದ ಡೊಂಕು ಪಡುವಲಕಾಯಿಯನ್ನು ಎತ್ತಿ ಹಿಡಿದರು.

"ಕಾಣ್, ಬಾಲದ್ ಇಂಜಿನ್ನಿಗೆ ಗಾಳಿ ಹೋಪ್ ದಾರಿ ಹೀಂಗೇ. ಬಾಯಿ ಮೇಲೆ, ಇಂಜಿನ್ ಕೆಳ್ಗೆ, ನಡೂಗೆ ಹಾವಿನ್ ಹಾಂಗೆ ಬಳ್ಕಿದ್ದ್. ಮತ್ತೆ ಆ ವಿಮಾನದ್ ಹೊಟ್ಯಗೆ ಎಂತ ಇದ್ದಿತ್ತ್ ಗೊತ್ತಿತ್ತಾ? ಅಡ್ಗಿಮನೆ. ನಾವ್ ಕೆಳ್ಗೆ ತುಂಬ್ಸುದ್, ಅಲ್ಲಿಂದ ಸಣ್ಣ ಲಿಫ್ಟಗೆ ಊಟ ಮೇಲ್ ಹೋಪುದ್. ಮೇಲ್ ಕೂತ್ಕಂಡ್ ಉಂಬುವರಿಗೆ ಕೆಳ್ಗೊಂದ್ ಅಡ್ಗಿಮನೆ ಇತ್ತ್ ಅಂದೇಳಿ ಗೊತ್ತೇ ಇಲ್ಲೆ."

"ಅದ್ರಗೆಂತ ಹೊಸ್ತ್ ಭಾವ? ಇಲ್ಲೂ ಹಾಂಗೇ ಅಲ್ದಾ," ಎಂದೆ.

ಭಾವ ಪಡುವಲಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗೆ ಪೇಪರು ಓದುತ್ತಿದ್ದ ನಮ್ಮನೆಯವರಿಗೆ ಎಂತಕ್ಕೆ ನಗು ಅಂತ ತಿಳಿಯಲಿಲ್ಲ.

ಆ ಮೂರು ಇಂಜಿನ್ನಿನ ಮೇಲೆ ಭಾವನಿಗೆ ಇದ್ದದ್ದು ಬರೀ ಪ್ರೀತಿಯಲ್ಲ, ಋಣ. ಹರೆಯದಲ್ಲಿ ಒಮ್ಮೆ ರಜೆಗೆ ಊರಿಗೆ ಬರುವಾಗ, ಕೆಳಗೆ ಸಮುದ್ರ ಬಿಟ್ಟು ಏನೂ ಇಲ್ಲದ ಕಡೆ, ಎಡರೆಕ್ಕೆಯ ಇಂಜಿನ್ ನಿಂತುಹೋಯಿತಂತೆ. ಭಾವ ಕೂತದ್ದು ಕೊನೆಯ ಸಾಲಿನಲ್ಲಿ. ಬಾಲದ ಇಂಜಿನ್ನಿನ ಸದ್ದು ಬೆನ್ನ ಹಿಂದೆಯೇ ಕೇಳುತ್ತಿತ್ತು. ಅದನ್ನು ಕೇಳುತ್ತಲೇ ನಮ್ಮೂರ ಅಮ್ಮನಿಗೆ ಹೇಳಿಕೊಂಡರು: "ಹಿಂದಿದ್ದೊಂದ್ ನಿಲ್ಲದೆ ಇರ್ಲಿ ಅಮ್ಮಾ. ಬೆಳ್ಳಿಯಗೆ ಇದೇ ವಿಮಾನ ಮಾಡ್ಸಿ ನಿನ್ ಕಾಲಬುಡಕ್ಕೆ ಹಾಕ್ತೆ." ಅದು ನಿಲ್ಲಲಿಲ್ಲ. ಬಲಗಡೆಯದೂ ಬಾಲದ್ದೂ ಸೇರಿ ಎಲ್ಲರನ್ನೂ ಮುಂಬೈಗೆ ತಂದು ಇಳಿಸಿದವು.

ಆದರೆ ಹರಕೆ ಹಾಗೇ ಉಳಿಯಿತು. ತಂಗಿಯರ ಮದುವೆ, ಅಪ್ಪಯ್ಯನ ಕಾಯಿಲೆ ಅಂತ ವರ್ಷ ಹೋದವು. ನಾನು ಕೇಳಿದರೆ, "ಆ ವಿಮಾನ ಇನ್ನೂ ಹಾರ್ತಾ ಇತ್ತಲೆ, ಅಮ್ಮಂಗೆ ಮೇಲಿಂದ ದಿನಾ ಕಾಂತಿತ್ತ್," ಎನ್ನುವರು. ದೇವರ ಕೆಲಸವನ್ನು ಹಾಗೆ ಮುಂದೆ ಹಾಕಬಾರದು ಭಾವ ಅಂತ ನಾನೂ ಬಿಡದೆ ಹೇಳಿದವಳೇ.

ಅವರಿಗೆ ಜೊತೆ ಅಂದರೆ ಶಿರೂರಿನ ಹಸನ್ ಸಾಹೇಬರು. ಅವರೂ ಗಲ್ಫಿನ ಅದೇ ನಿಲ್ದಾಣದಲ್ಲಿ ಇದ್ದವರು, ಇಂಜಿನ್ ರಿಪೇರಿ ಕೆಲಸ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನಮ್ಮ ಜಗಲಿಯಲ್ಲಿ ಕೂರುವರು. ಇಬ್ಬರೂ ಮೊಬೈಲಿನಲ್ಲಿ ಹಳೆಯ ವಿಮಾನ ಏಳುವುದನ್ನು ಹಾಕಿ ಕೇಳುವುದು, ಇಂಜಿನ್ನಿನ ಶಬ್ದಕ್ಕೆ ಕಣ್ಣು ಮುಚ್ಚಿ ತಲೆದೂಗುವುದು. ಸಕ್ಕರೆ ಕಾಯಿಲೆಯಿಂದ ಭಾವನ ಕಣ್ಣು ಮಂದವಾದ ಮೇಲೆ ಸಾಹೇಬರೇ ನೋಡಿ ಹೇಳುವರು, ಭಾವ ಕೇಳುವರು.

ಒಂದು ಸಲ ಸಾಹೇಬರು ಬಂದವರು ಚಾ ಮುಟ್ಟಲಿಲ್ಲ.

"ಶೆಟ್ರೆ, ನಮ್ಮದನ್ನ ಕತ್ತರಿಸಿದ್ರ್."

ಯಾವುದೋ ಮರುಭೂಮಿಯಲ್ಲಿ ವರ್ಷಗಟ್ಟಲೆ ನಿಲ್ಲಿಸಿಟ್ಟಿದ್ದ ವಿಮಾನವಂತೆ. ಇವರಿಬ್ಬರೂ ಕೈಯಾಡಿಸಿದ್ದೇ ಅದು, ಬಾಲದ ಮೇಲಿನ ನಂಬರಿನಿಂದ ಗುರುತು ಸಿಕ್ಕಿತು. ಯಂತ್ರ ಮೊದಲು ಬಾಯಿ ಹಾಕಿದ್ದು ಬಾಲಕ್ಕೆ. ಸಾಹೇಬರು ಮೊಬೈಲಿನಲ್ಲಿ ನೋಡಿ ಒಂದೊಂದೇ ಹೇಳುತ್ತಾ ಹೋದರು. ಭಾವ, "ಅಡ್ಗಿಮನೆ?" ಎಂದು ಕೇಳಿದರು. "ಅದೂ ಹೋಯ್ತ್," ಅಂದರು ಸಾಹೇಬರು.

ಜನರನ್ನು ಹೊರುವ ಮೂರು ಇಂಜಿನ್ನಿನ ವಿಮಾನ ಈಗ ಎಲ್ಲೂ ಇಲ್ಲವೆಂದೇ ಹೇಳಬೇಕಂತೆ. ಮೊದಲೆಲ್ಲ ಎರಡು ಇಂಜಿನ್ನಿನವು ದಡ ಬಿಟ್ಟು ದೂರ ಹೋಗುವ ಹಾಗಿರಲಿಲ್ಲ. ಸಮುದ್ರ ದಾಟಿಸಲು ಈ ಮೂರನೆಯದೇ ಧೈರ್ಯ. ಈಗ ಎರಡೇ ಗಟ್ಟಿಮುಟ್ಟಾಗಿ ಬಂದಿವೆ, ಮೂರನೆಯದಕ್ಕೆ ಎಣ್ಣೆ ದಂಡ ಎಂದು ಲೆಕ್ಕ.

"ದಂಡ ಅಂದವ ಯಾರ್? ಸಮುದ್ರದ್ ಮೇಲೆ ಒಂದ್ ನಿಂತಾಗ ಒಳ್ಗ್ ಕೂತವ್ನಾ?" ಎಂದು ಭಾವ ಕೇಳಿದರು. ಅವರ ಗಂಟಲು ಅಷ್ಟು ಏರಿದ್ದು ನಾನು ಕೇಳಿರಲಿಲ್ಲ.

"ಹೊಸತ್ ಬಪ್ಪುದ್ ತಪ್ಪಲ್ಲ ಶೆಟ್ರೆ. ಹಳತ್ರ ಬಗ್ಗೆ ನಗಾಡೂಕಾಗ. ಮೊಮ್ಮಗ ಕೇಂತ, ಅಜ್ಜ, ಅದ್ ಹಿಂದೆ ಬಾಲಕ್ಕೆ ಡ್ರಮ್ ಕಟ್ಟಿದ್ದಾ ಅಂತ."

ನನಗೂ ಸಿಟ್ಟು ಬಂತು. ವಿಮಾನ ಹತ್ತಿದವಳಲ್ಲ ನಾನು. ಆದರೆ ಕೆಲಸ ಮುಗಿದ ಮೇಲೆ ಅದಕ್ಕೊಂದು ಹೂ ಇಡದೆ, ಒಂದು ಮಾತು ಹೇಳದೆ ದೂಡುವುದು ನೋಡಿ ಗೊತ್ತುಂಟು. ಹೆಂಗಸರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಾಹೇಬರು ಹೋದ ಮೇಲೆ ಭಾವ ನನ್ನನ್ನು ಕರೆದರು. "ಹೆಣೆ ಜಲಜ, ಇನ್ ತಡ ಮಾಡೂದ್ ಬೇಡ. ಅದ್ ನನ್ನ ಕರ್ಕಂಡ್ ಬಂತ್ ಅಂದೇಳುಕೆ ಅದೇ ಇಲ್ಲೆ. ನಾನೂ ಹೋದ್ರೆ ಅಮ್ಮನ್ ಹತ್ರ ಸಾಕ್ಷಿ ಹೇಳುವರ್ ಯಾರ್?"

ಕುಂದಾಪುರದಲ್ಲಿ ಬೆಳ್ಳಿ ಕೆಲಸ ಮಾಡುವ ಆಚಾರರ ಅಂಗಡಿಗೆ ನಮ್ಮನೆಯವರನ್ನು ಕಳಿಸಿದೆವು. ವಿಮಾನದ ಹರಕೆ ಆಚಾರರಿಗೆ ಹೊಸತಲ್ಲ. ವೀಸಾ ಸಿಗಲಿ ಅಂತ ಹರಕೆ ಹೇಳುವವರು ಬೇಕಾದಷ್ಟು ಜನ, ಅಚ್ಚು ತಯಾರೇ ಇತ್ತು. ವಾರದೊಳಗೆ ಗೇಣುದ್ದದ ಬೆಳ್ಳಿ ವಿಮಾನ ಮನೆಗೆ ಬಂತು. ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬೆರಳು ರೆಕ್ಕೆಯ ಅಡಿಗೆ ಹೋಯಿತು, ಒಂದು, ಎರಡು. ಬಾಲಕ್ಕೆ ಹೋಯಿತು. ಅಲ್ಲೇ ಸುತ್ತಿತು.

"ಇದ್ ನಂದಲ್ಲ," ಎಂದರು.

"ಅಣ್ಣಯ್ಯ, ಒಂದ್ ನಿಂತದ್ದ್ ಅಲ್ದಾ? ಉಳ್ದದ್ದ್ ಎರಡ್. ಲೆಕ್ಕ ಸಮ ಇತ್ತಲೆ," ಎಂದರು ನಮ್ಮನೆಯವರು.

"ಉಳ್ದದ್ರಗೆ ಒಂದ್ ಬಾಲದ್ದ್ ಮಾರಾಯಾ. ಇದ್ರಗೆ ನಿಂತದ್ದ್ ಇತ್ತ್, ತಂದದ್ದ್ ಇಲ್ಲೆ."

ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳಬೇಕು? ನಮ್ಮನೆಯವರು ಗೊಣಗುತ್ತಾ ವಾಪಸ್ ಒಯ್ದರು. ಮರುವಾರ ಪ್ರಸಾದ ಹಿಡಿದುಕೊಂಡು ಬಂದರು. ಆಚಾರರು ಸರಿ ಮಾಡಿಕೊಟ್ಟರು, ಒಳ್ಳೆಯ ದಿನ ಅಂತ ಸೀದಾ ದೇವಸ್ಥಾನಕ್ಕೇ ಹೋಗಿ ಒಪ್ಪಿಸಿ ಬಂದೆ, ಮೂರೂ ಇತ್ತು ಎಂದರು. ಭಾವ ಪ್ರಸಾದವನ್ನು ತಲೆಗಿಟ್ಟುಕೊಂಡು ಬಾಯಿಗೆ ಹಾಕಿಕೊಂಡರು. ಅವತ್ತು ಸಾರಿನ ಬಟ್ಟಲು ತುಂಬಿದ್ದರೂ ತಳ್ಳಲಿಲ್ಲ.

ಶುಕ್ರವಾರ ನಾನು ಅಮ್ಮನ ಗುಡಿಗೆ ಹೋದೆ. ಹರಕೆಯ ಬೆಳ್ಳಿ ಕಣ್ಣು, ಕೈ, ಕಾಲುಗಳನ್ನು ಭಟ್ಟರು ಗರ್ಭಗುಡಿಯ ಬಾಗಿಲ ಪಕ್ಕ ತೂಗುಹಾಕುತ್ತಾರೆ. ನಡುವೆ ನಮ್ಮ ವಿಮಾನ. ಬಾಲ ನಾನಿದ್ದ ಕಡೆಗೇ ತಿರುಗಿತ್ತು. ಬರೀ ಬಾಲ, ಅದರ ಬುಡದಲ್ಲಿ ಇಂಜಿನ್ ಇಲ್ಲ. ಮೊದಲ ವಾರ ನಮ್ಮ ಮನೆಗೆ ಬಂದದ್ದೇ ಅದು. ಕಣ್ಣು ಕಾಣದವನಿಗೆ ಸುಳ್ಳು ಹೇಳುವುದೇ ದೊಡ್ಡದು. ಅದಕ್ಕೆ ಅಮ್ಮನ ಪ್ರಸಾದವನ್ನು ಬೇರೆ ಸಾಕ್ಷಿ ಇಡುವುದಾ?

ಮನೆಗೆ ಬಂದು ನಮ್ಮನೆಯವರನ್ನು ಹಿತ್ತಲಿಗೆ ಕರೆದೆ.

"ಆಚಾರರಿಗೆ ಬಾಲದ್ದ್ ಮಾಡುಕೆ ಬತ್ತಿಲ್ಲೆ ಅಂದ್ರ್. ಎಷ್ಟ್ ಸಲ ಹೋಪುದ್ ನಾನ್? ಅಮ್ಮ ಎಂತ ಇಂಜಿನ್ ಎಣ್ಸ್ತ್ಳಾ?" ಎಂದರು.

"ಅಮ್ಮ ಎಣ್ಸೂದ್ ಬಿಡಿ. ಹೇಳಿಕೊಂಡವ್ರ್ ಎಣ್ಸ್ತ್ರ್ ಅಲ್ದಾ?"

"ಅವ್ನಿಗೆ ಸಮಾಧಾನ ಆಯ್ತಲೆ. ಈಗ ನೀ ಹೋಯಿ ಕೆದ್ಕ್‌ಬೇಡ."

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ಮುದುಕರ ನೆಮ್ಮದಿ ಹೋಗುತ್ತದೆ, ಹೇಳದಿದ್ದರೆ ಸುಳ್ಳಿನಲ್ಲಿ ನನ್ನದೂ ಪಾಲು. ಮೂರನೆಯ ದಿನ ಬೀನ್ಸಿನ ನಾರು ತೆಗೆಯುತ್ತಾ ಭಾವನೇ ಕೇಳಿದರು. "ಶುಕ್ರವಾರ ಹೋಯಿದ್ಯಲೆ, ನೀ ಕಂಡ್ಯಾ? ಬಾಲದಗೆ ಲಾಯ್ಕ್ ಕೂತಿತ್ತಾ?"

"ಇಲ್ಲೆ ಭಾವ. ಎರಡೇ ಇತ್ತ್."

ನಾರು ತೆಗೆಯುವ ಕೈ ನಿಂತಿತು.

"ನನ್ ಕಣ್ಣ್ ಹೋಯ್ತ್ ಅಂದೇಳಿ ಅವ ಧೈರ್ಯ ಮಾಡ್ದ. ಅಮ್ಮನ್ ಕಣ್ಣೂ ಹೋಯಿತ್ ಅಂದೇಳಿ ಎಣ್ಸ್ಕಂಡ್ನಾ?" ಎಂದರು. ಆಮೇಲೆ ಮೆಲ್ಲಗೆ, "ನಾ ಸುಳ್ಳ್ ಹರಕೆ ಕೊಟ್ಟಂಗೆ ಆಯ್ತಲ್ದಾ ಹೆಣೆ?"

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಮಗಳ ಎಳೆಯ ಕಾಲದ ಬೆಳ್ಳಿ ಗೆಜ್ಜೆ ಒಂಟಿಯಾಗಿ ಬಿದ್ದಿತ್ತು, ಜೋಡಿ ಬಾವಿ ಪಾಲಾದದ್ದು. ಅದೂ ಒಂದು ಡೊಂಕು ಪಡುವಲಕಾಯಿಯೂ ಚೀಲಕ್ಕೆ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತು, ಅದು ಅಮ್ಮನದೇ ಏರ್ಪಾಡು. ಆಚಾರರು ಗೆಜ್ಜೆ ನೋಡಿದರು, ಪಡುವಲಕಾಯಿ ನೋಡಿದರು.

"ಅಕ್ಕ, ನಿಮ್ಮ ಮನೆಯವರು ಎರಡೇ ಸಾಕು ಅಂದ್ರಲ್ಲ. ನಾನು ಮಾಡಿಕೊಡ್ತೆ ಅಂದಿದ್ದೆ."

ಹಾಗಾದರೆ ಮಾಡಲು ಬರುವುದಿಲ್ಲ ಎಂದದ್ದೂ ಸುಳ್ಳು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು, ಹಾಗಾಗಿ ಸುಮ್ಮನಾದೆ. ಹಸನ್ ಸಾಹೇಬರಿಗೆ ಫೋನ್ ಹಚ್ಚಿ ಆಚಾರರ ಕಿವಿಗೆ ಹಿಡಿದೆ. ಸಾಹೇಬರು ಶಿರೂರಿನಿಂದ ಹೇಳಿದ ಹಾಗೆ ಆಚಾರರು ಪಡುವಲಕಾಯಿಯ ಡೊಂಕು ನೋಡಿ ಗೀರಿದರು. ಕಿರುಬೆರಳಿನಷ್ಟು ದಪ್ಪದ, ಮೇಲೆ ಬಾಯಿ ತೆರೆದ, ನಡುವೆ ಬಳುಕಿದ ಕೊಳವೆ ಸಂಜೆಗೇ ಸಿದ್ಧವಾಯಿತು. ಮನೆಗೆ ತಂದು ಭಾವನ ಅಂಗೈಯಲ್ಲಿಟ್ಟೆ. ಬಾಯಿಗೆ ಬೆರಳು ತೂರಿಸಿದರು, ಬಳುಕು ಸವರಿದರು. "ಹ್ಞಾಂ, ಇದೇ," ಎಂದು ತಿರುಗಿ ನನ್ನ ಕೈಗೆ ಕೊಟ್ಟರು.

ದೇವಸ್ಥಾನದಲ್ಲಿ ಭಟ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಎಂತ ಅಮ್ಮ? ಕೈಯಾ, ಕಾಲಾ?"

"ಬಾಲದ್ದು."

"ದನಕ್ಕೆ ಹುಷಾರಿಲ್ಯಾ?"

ವಿಷಯ ಹೇಳಿದೆ. ಅಮ್ಮನಿಗೆ ಒಪ್ಪಿಸಿದ ವಿಮಾನವನ್ನು ಮತ್ತೆ ಆಚಾರರ ಬೆಂಕಿಗೆ ಕೊಡುವ ಕ್ರಮವಿಲ್ಲ ಅಂದರು ಭಟ್ಟರು. ನಾನೂ ಹಾಗೆ ಮಾಡಿ ಎಂದು ಕೇಳಿರಲಿಲ್ಲ. ಇದನ್ನು ಅಮ್ಮನ ಹತ್ತಿರ ಇಡಿ, ಸಂಜೀವನ ಹೆಸರಿನಲ್ಲಿ ತಪ್ಪುಕಾಣಿಕೆ ಅಂತ ಹೇಳಿ, ಅಷ್ಟೇ ಸಾಕು ಎಂದೆ. ಅವರು ಒಳಗೆ ಹೋಗಿ ಇಟ್ಟರು. ನಾನು ಕಂಬಕ್ಕೆ ಒರಗದೆ, ನೆಟ್ಟಗೆ ನಿಂತು ನೋಡಿದೆ.

ಭಾವ ಜಗಲಿಯಲ್ಲೇ ಕಾಯುತ್ತಿದ್ದರು. ಚಪ್ಪಲಿ ಸದ್ದಿಗೇ ಕೇಳಿದರು. "ಎಲ್ಲಿ ಇಟ್ರ್?"

"ಅಮ್ಮನ ಎರಡು ಪಾದದ ನಡುವೆ."

"ಸಮಾ ನಡೂಗಾ?"

"ಸಮಾ ನಡೂಗೆ. ನಾನೇ ಕಂಡೆ."

ಅವರು ಮಡಿಲಿನ ಮೇಲೆ ಎರಡೂ ಅಂಗೈ ಬಿಚ್ಚಿಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿನ ಮೇಲೆ, "ಜಲಜ, ಕಾಪಿ ಕೊಡ್ತ್ಯಾ?" ಎಂದರು. ಕೊಟ್ಟೆ.

ತಿಂಗಳು ತುಂಬುವ ಮೊದಲೇ ಸಂಜೀವ ಭಾವ ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಯಾರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳದೆ ಹೋದರು, ಅದಕ್ಕೂ ಕೈಮುಗಿಯುತ್ತೇನೆ. ಈಗ ಮೆಟ್ಟುಗತ್ತಿಯ ಎದುರು ನಾನೊಬ್ಬಳೇ.

ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಶಿರೂರಿನಿಂದ ಹಸನ್ ಸಾಹೇಬರೂ ಬಂದಿದ್ದರು. ಯಾರೋ ಹಿರಿಯರು, ಸಂಜೀವನ ಹರಕೆಯೊಂದು ಉಳಿದಿತ್ತಲ್ಲ ಎಂದು ಕೇಳಿದರು. ನಮ್ಮನೆಯವರು ಎದೆ ಅಗಲಿಸಿ, "ಅದನ್ನ ನಾನೇ ತೀರ್ಸಿದೆ, ಬೆಳ್ಳಿ ವಿಮಾನ," ಎಂದರು.

ನಾನು ಪಾಯಸ ಬಡಿಸುತ್ತಿದ್ದೆ. "ನೀವು ಕೊಟ್ಟದ್ದು ಎರಡು ಇಂಜಿನ್ನು. ಭಾವನ್ನ ಊರಿಗೆ ತಂದದ್ದನ್ನ ಬಿಟ್ಟಿದ್ರಿ," ಎಂದೆ. ಹಸನ್ ಸಾಹೇಬರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು.

ಗಂಡನನ್ನು ನಾಲ್ಕು ಜನರ ಎದುರು ಹಾಗೆ ಅನ್ನಬಾರದಿತ್ತು ಎಂದು ಭಾವನ ತಂಗಿ, ನನ್ನ ಅತ್ತಿಗೆ, ಆಮೇಲೆ ಹೇಳಿದರು. ಇರಬಹುದು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಪಾಯಸವೆಂದರೆ ಪ್ರಾಣ ಬಿಡುವ ಮನುಷ್ಯ ಅವತ್ತು ಎರಡನೆಯ ಸಲ ಕೇಳಲಿಲ್ಲ. ಅಷ್ಟು ನಾಚಿಕೆಯನ್ನಾದರೂ ಅಮ್ಮ ಅವರಲ್ಲಿ ಉಳಿಸಿದ್ದಾಳಲ್ಲ.