ಎರಡು ಜೋಳದ ಕಾಳಿನಷ್ಟು

ನನ್ನ ಜಡೆ ಸೊಂಟದ ಹತ್ತಿರ ಬಂದು ನಿಂತು ಎಷ್ಟೋ ವರ್ಷಗಳಾದವು. ಅಲ್ಲಿಂದ ಕೆಳಗೆ ಇಳಿಯುವ ಮನಸ್ಸು ಅದಕ್ಕಿಲ್ಲ. ಯಾರಾದರೂ ಕೇಳಿದರೆ ವಾಡಿಯ ಗಡಸು ನೀರು, ಸಿಮೆಂಟಿನ ಧೂಳು, ವಯಸ್ಸು ಎಂದು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತೇನೆ. ನಿಜವಾದ ಕಾರಣ ನನ್ನ ಬಾಯಿ. ಅದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕು. ಕೂದಲಿನ ವಿಷಯ, ಸಿಕ್ಕು ಬಿಡಿಸುವ ತಾಳ್ಮೆ ನಿಮಗಿದೆ ಎಂದುಕೊಂಡಿದ್ದೇನೆ.

ಉದ್ದ ಕೂದಲು ಬೇಕೆನ್ನುವವರಿಗೆ ಇರುವ ದೊಡ್ಡ ಪ್ರಶ್ನೆ ಎಣ್ಣೆಯದಲ್ಲ, ಕತ್ತರಿಯದು. ತುದಿಯನ್ನು ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು? ಕತ್ತರಿಸಿದರೆ ಬೆಳೆದದ್ದು ಹೋಯಿತೆಂಬ ಸಂಕಟ, ಬಿಟ್ಟರೆ ತುದಿ ಸೀಳಿ ಜೋಳದ ತೆನೆಯ ಗರಿಯಂತಾಗುವ ಭಯ. ಹಳೆಯ ಗುಡಿಗಳ ಕಂಬಗಳ ಮೇಲೆ ನಿಂತ ಕಲ್ಲಿನ ಹೆಂಗಸರನ್ನು ನಾನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತಾ ಬಂದಿದ್ದೇನೆ. ಎಲ್ಲರಿಗೂ ತುರುಬು. ತುದಿ ಎಲ್ಲಿದೆಯೋ ಕಾಣುವುದೇ ಇಲ್ಲ. ಶಿಲ್ಪಿಗಳು ಜಾಣರು, ಇತ್ಯರ್ಥವಾಗದ ಜಗಳದಲ್ಲಿ ಕೈ ಹಾಕಲಿಲ್ಲ.

ನಾನು ಬೆಳೆದ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಆ ಜಗಳವನ್ನು ತೀರ್ಮಾನಿಸುತ್ತಿದ್ದವರು ಪಕ್ಕದ ಮನೆಯ ಮಹಬೂಬಿ ಖಾಲಾ, ನಮ್ಮೆಲ್ಲರ ಚಿಕ್ಕಮ್ಮ. ಅವರ ಗಂಡ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ನಮ್ಮಪ್ಪ ಗಾರ್ಡ್. ಸಾಲುಮನೆಗಳ ಹುಡುಗಿಯರೆಲ್ಲರ ಜಡೆಯ ತುದಿ ಖಾಲಾನ ಕೈಯಲ್ಲಿತ್ತು. ಮೂರು ತಿಂಗಳಿಗೊಮ್ಮೆ, ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ, ಎರಡು ಜೋಳದ ಕಾಳಿನಷ್ಟು. ಚಂದ್ರ ಬೆಳೆದಂತೆ ಕೂದಲೂ ಬೆಳೆಯುತ್ತದೆಂಬುದು ಅವರ ಲೆಕ್ಕ. ಅಳತೆಗೆ ನಿಜವಾಗಿಯೂ ಎರಡು ಕಾಳುಗಳನ್ನು ಬೆರಳ ಮೇಲಿಟ್ಟುಕೊಳ್ಳುತ್ತಿದ್ದರು.

ನಮ್ಮವ್ವನಿಗೆ ಕತ್ತರಿಯೇ ಆಗದು. "ಬೆಳಸಾದು ಅಂತೀರಿ, ಮತ್ತ ಕತ್ತರಸ್ತೀರಿ. ಇದ್ಯಾವ ನ್ಯಾಯ ಮಹಬೂಬಿ?" ಎಂದು ಎರಡು ಮನೆಗಳ ನಡುವಿನ ಕಟ್ಟೆಯ ಆಚೆಯಿಂದ ಕೇಳುತ್ತಿದ್ದಳು. ಕೊನೆಗೆ ಒಪ್ಪಿದಳು, ಆದರೆ ಷರತ್ತುಗಳ ಮೇಲೆ. ಸೋಮವಾರ ಶಿವನ ವಾರ, ಆಗದು. ಮಂಗಳವಾರ, ಶುಕ್ರವಾರ ಮುತ್ತೈದೆಯರ ಮನೆಯಲ್ಲಿ ಕೂದಲು ಬೀಳಬಾರದು. ಖಾಲಾನಿಗೂ ಶುಕ್ರವಾರ ಬೇಡ, ಮೊಹರಮ್ಮಿನ ಹತ್ತು ದಿನವಂತೂ ಬೇಡವೇ ಬೇಡ. ಅಪ್ಪ ಮನೆಯಲ್ಲಿದ್ದರೆ ಅಂಗಳದಲ್ಲಿ ಕೂದಲು ಬಿಚ್ಚಿ ಕೂಡುವಂತಿಲ್ಲ. ಹೀಗೆ ಚಂದ್ರ, ಶಿವ, ಮೊಹರಮ್ಮು, ಅಪ್ಪನ ಡ್ಯೂಟಿ ಎಲ್ಲವೂ ಒಪ್ಪಿದ ಒಂದು ಮಧ್ಯಾಹ್ನ ಸಿಗಬೇಕು. ಅದನ್ನು ಹುಡುಕಲು ಅವ್ವ ಮತ್ತು ಖಾಲಾ ಎರಡು ಕ್ಯಾಲೆಂಡರ್ ಹಾಸಿಕೊಂಡು ಚಹಾ ಕುಡಿಯುತ್ತಾ ಅರ್ಧ ದಿನ ಕೂಡುತ್ತಿದ್ದರು. ಎಷ್ಟು ದಿನಕ್ಕೊಮ್ಮೆ ಎನ್ನುವುದು ಗಣಿತವಾಗಿರಲಿಲ್ಲ, ಎರಡು ಮನೆಗಳ ನಡುವಿನ ಮಾತುಕತೆಯಾಗಿತ್ತು. ಇದು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಧಾರವಾಡಕ್ಕೆ ಬಿ.ಎಸ್ಸಿ. ಓದಲು ಹೋದೆ. ಮೊದಲ ರಜೆಗೆ ಬಂದಾಗ ಖಾಲಾ ಕಾಳು, ಕತ್ತರಿ ಹಿಡಿದು ಅಂಗಳದಲ್ಲಿ ಕಾದಿದ್ದರು. ಸುತ್ತ ಆರೇಳು ಹುಡುಗಿಯರು, ಅವರ ತಾಯಂದಿರು. ನಾನು ಕೂಡಲಿಲ್ಲ. ನಿಂತೇ ಒಂದು ಪಾಠ ಮಾಡಿದೆ. ಕೂದಲು ಬೆಳೆಯುವುದು ಬೇರಿನಲ್ಲಿ, ತುದಿ ಸತ್ತ ವಸ್ತು, ತುದಿ ಕತ್ತರಿಸಿದ್ದು ಬೇರಿಗೆ ತಿಳಿಯುವುದೇ ಇಲ್ಲ, ಚಂದ್ರನಿಗಂತೂ ಮೊದಲೇ ತಿಳಿಯದು. ಇದ್ದಿಲಿನಿಂದ ನೆಲದ ಪರಸಿ ಕಲ್ಲಿನ ಮೇಲೆ ಕೂದಲಿನ ಬೇರಿನ ಚಿತ್ರವನ್ನೂ ಬರೆದೆನೆಂದು ನೆನಪು. ಇದು ಸುಳ್ಳಿರಬಹುದು. ನನ್ನ ನೆನಪಿಗೆ ನನ್ನನ್ನು ಇದ್ದದ್ದಕ್ಕಿಂತ ಕೆಟ್ಟವಳಾಗಿ ತೋರಿಸುವ ಚಟವಿದೆ. ಕೆಲವು ಸಲ ಒಳ್ಳೆಯವಳಾಗಿ ತೋರಿಸುವ ಚಟವೂ ಇದೆ.

ಖಾಲಾ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: "ಹಂಗಾದ್ರ ಇಷ್ಟ ವರ್ಷ ನಾ ಏನ್ ಮಾಡ್ಲಿಕತ್ತಿದ್ದೆ, ಬೇಟಿ?"

ಈ ಮಾತು ಖರೆ. ಇದರಲ್ಲಿ ನನಗೆ ಅನುಮಾನವಿಲ್ಲ. ಅವರು ಅದನ್ನು ನಗುತ್ತಾ ಕೇಳಿದರೋ, ನಗದೆ ಕೇಳಿದರೋ ಎಂಬುದಷ್ಟೇ ಗೊತ್ತಿಲ್ಲ. ಹುಡುಗಿಯರು ನಕ್ಕಿದ್ದು ನೆನಪಿದೆ. ಆ ನಗುವಿನಲ್ಲಿ ಖಾಲಾನದೂ ಇತ್ತೇ? ಆ ದಿನದ ಡೈರಿ ತೆಗೆದು ನೋಡಿದೆ. ದಿನಾ ಬರೆಯುವ ನಾನು ಅಂದು ಬರೆದದ್ದು ಇಷ್ಟೇ: "ಕೂದಲು ಕತ್ತರಿಸಲಿಲ್ಲ. ಸೆಕೆ. ತಲೆನೋವು." ತಪ್ಪು ಮಾಡಿದವರ ಡೈರಿಯಲ್ಲಿ ಹವಾಮಾನ ಹೆಚ್ಚಿರುತ್ತದೆ.

ಧಾರವಾಡಕ್ಕೆ ಅವ್ವನ ಕಾಗದ ಬಂತು. ಮಹಬೂಬಿ ಕತ್ತರಿ ಹಿಡಿಯುವುದನ್ನೇ ಬಿಟ್ಟಿದ್ದಾಳೆ, ಯಾರು ಕರೆದರೂ "ಅದು ಸತ್ತದ್ದಂತ, ಸತ್ತದ್ದಕ್ಕ ನಾ ಯಾಕ ಕೈ ಹಚ್ಚಲಿ" ಅನ್ನುತ್ತಾಳೆ ಎಂದು ಬರೆಸಿದ್ದಳು. ಕತ್ತರಿಯನ್ನು ಅಷ್ಟು ದ್ವೇಷಿಸುತ್ತಿದ್ದ ಅವ್ವನಿಗೇ ಎಲ್ಲರಿಗಿಂತ ಹೆಚ್ಚು ಸಿಟ್ಟು. ಮುಂದಿನ ರಜೆಗೆ ಹೋದಾಗ ಅಂದಳು: "ನಿನಗ ಬ್ಯಾಡಾಗಿದ್ರ ಸುಮ್ಮ ಇರಬೇಕಿತ್ತು. ಈಗ ನಾ ಯಾರ ಸಂಗಾಟ ಕ್ಯಾಲೆಂಡರ್ ನೋಡ್ಲಿ?" ನಾನು ಕಟ್ಟೆ ದಾಟಿ ಹೋಗಿ ಒಂದು ಮಾತು ಕೇಳಬಹುದಿತ್ತು. ಹತ್ತು ಹೆಜ್ಜೆಯ ದಾರಿ. ಹೋಗಲಿಲ್ಲ. ವಿಜ್ಞಾನ ನನ್ನ ಕಡೆಗಿತ್ತು.

ಅದು ಪೂರ್ತಿ ನನ್ನ ಕಡೆಗೂ ಇರಲಿಲ್ಲವೆನ್ನುವುದು ತಮಾಷೆ. ಕೂದಲು ಬೇರಿನಲ್ಲಿ ಬೆಳೆಯುತ್ತದೆ, ಸರಿ. ಆದರೆ ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಅದು ಮೇಲಿನವರೆಗೂ ಸೀಳುತ್ತಾ ಹೋಗಿ ಮುರಿಯುತ್ತದೆ. ಆ ಭಾಗ ಪರೀಕ್ಷೆಗೆ ಇರಲಿಲ್ಲ. ನನ್ನ ಜಡೆ ಮೇಲೆ ಬೆಳೆದಷ್ಟೂ ಕೆಳಗೆ ಮುರಿಯುತ್ತಾ ಸೊಂಟದ ಹತ್ತಿರವೇ ಉಳಿಯಿತು. ಖಾಲಾನ ಕಾರಣ ತಪ್ಪಾಗಿತ್ತು, ಕೆಲಸ ಸರಿಯಾಗಿತ್ತು. ನನ್ನದು ಅದರ ತಿರುವುಮುರುವು.

ಹತ್ತು ವರ್ಷ ಕಳೆದ ಮೇಲೆ ಖಾಲಾ ಶಹಾಬಾದಿನಲ್ಲಿ ಮಗನ ಮನೆಯಲ್ಲಿದ್ದಾರೆಂದು ತಿಳಿದು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿಯೇ ಗುರುತು ಹಿಡಿದು, "ಬಾ, ಕುಂದ್ರು" ಎಂದವರು, ಕ್ಷೇಮಸಮಾಚಾರಕ್ಕೂ ಮೊದಲು ನನ್ನ ಜಡೆಯನ್ನು ಹುಡುಕಿ ಹಿಡಿದುಕೊಂಡರು. ಬೆರಳು ಮೆಲ್ಲಗೆ ತುದಿಗೆ ಇಳಿಯಿತು.

"ಯಾವಾಗ ಕತ್ತರಿಸಿದ್ದಿ?"

"ಮೂರು ತಿಂಗಳಾತ್ರಿ, ಖಾಲಾ."

"ಝೂಟ್. ನಿನ್ನ ಬಾಯಿಗಿಂತ ಇದು ಖರೆ ಹೇಳ್ತದ. ಮೂರು ವರ್ಷ ಆಗ್ಯಾದ."

"ನೀವೇ ಕತ್ತರಿಸ್ರಿ ಮತ್ತ," ಎಂದೆ. ನಾನು ಬಂದದ್ದೇ ಅದಕ್ಕೆ.

"ಈ ಕಣ್ಣಾಗ? ಜಡಿ ಬಿಟ್ಟು ಕಿವಿ ಕತ್ತರಿಸೇನು. ಮತ್ತ ಬೇರಿನಾಗ ಬೆಳೀತದಂತ ನೀನೇ ಹೇಳಿದ್ದೆಲ್ಲ, ಭಾಳ ಓದಿದಾಕಿ! ಕತ್ತರಿ ಯಾಕ ಬೇಕು?" ಎಂದು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ಅಂದು ಅಂಗಳದಲ್ಲೂ ಹೀಗೇ ನಕ್ಕಿದ್ದಿರೇನ್ರಿ ಎಂದು ಕೇಳಬೇಕೆಂದು ನಾಲಿಗೆಯವರೆಗೆ ಬಂದದ್ದನ್ನು ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ? ಮನೆಗೆ ಬಂದು ಡೈರಿಯಲ್ಲಿ ಬರೆದೆ: "ಇಂದು ಖಾಲಾ ನಕ್ಕರು." ಮುಂದೆ ಅನುಮಾನ ಬರಬಾರದೆಂದು ಕೆಳಗೆ ಗೆರೆ ಎಳೆದೆ. ಆದರೆ ಆ ನಗು ಆ ದಿನದ್ದೇ. ಹತ್ತು ವರ್ಷ ಹಿಂದಿನ ಪುಟಕ್ಕೆ ಅದನ್ನು ತಂದು ಅಂಟಿಸಲು ಬರುವುದಿಲ್ಲ. ನಾನು ಮತ್ತೆ ಶಹಾಬಾದಿಗೆ ಹೋಗುವಷ್ಟರಲ್ಲಿ ಖಾಲಾ ಇರಲಿಲ್ಲ.

ಈಗ ಚಂದ್ರ ಕಂಡ ಮೇಲೆ, ಮೂರು ತಿಂಗಳಿಗೊಮ್ಮೆ, ನಾನೇ ಕತ್ತರಿ ಹಿಡಿಯುತ್ತೇನೆ. ಸೋಮವಾರ, ಮಂಗಳವಾರ, ಶುಕ್ರವಾರ ಬಿಟ್ಟು, ಮೊಹರಮ್ಮನ್ನೂ ಬಿಟ್ಟು. ಎರಡು ಜೋಳದ ಕಾಳು ಬೆರಳ ಮೇಲಿಡುತ್ತೇನೆ, ಕನ್ನಡಿಗೆ ಬೆನ್ನು ಕೊಟ್ಟು ಕೈಯಲ್ಲೊಂದು ಕನ್ನಡಿ ಹಿಡಿಯುತ್ತೇನೆ. ಇಷ್ಟೆಲ್ಲ ಮಾಡಿದರೂ ಒಂದು ಸಲವೂ ತುದಿ ನೆಟ್ಟಗೆ ಬಂದಿಲ್ಲ. ತನ್ನ ಬೆನ್ನ ಹಿಂದಿನದನ್ನು ತಾನೇ ಸರಿಮಾಡಲು ಹೋದರೆ ಓರೆಯಾಗಿಯೇ ತೀರುತ್ತದೆ. ಅದಕ್ಕೆ ಹಿಂದೆ ಒಬ್ಬರು ಕುಳಿತಿರಬೇಕು.