ಸಿಗಡಿಗಳ ಅಡುಗೆಭಟ್ಟ

ನಮ್ಮ ಮಹಡಿಯ ಬಾಡಿಗೆದಾರ ಚನ್ನವೀರ ಹಿರೇಮಠ ಮೊಟ್ಟೆಯನ್ನೂ ಮುಟ್ಟದವನು. ಆದರೆ ಸಿಗಡಿಯ ಹೊಟ್ಟೆಯ ಬಗ್ಗೆ ಅವನಿಗಿರುವಷ್ಟು ಕಾಳಜಿ ಸ್ವತಃ ಸಿಗಡಿಗಳಿಗೂ ಇರಲಾರದು. ಪಟಾನ್‌ಚೆರುವಿನ ಮೇವಿನ ಕಾರ್ಖಾನೆಯೊಂದರಲ್ಲಿ ಅವನ ನೌಕರಿ. ಮೀನಿನ ಪುಡಿಯ ಬದಲು ಸೋಯಾ ಹಿಂಡಿಯನ್ನು ಹುಳಿ ಬರಿಸಿ, ಕರುಳಿಗೆ ಹಿತವಾದ ಸೂಕ್ಷ್ಮಜೀವಿಗಳನ್ನು ಬೆರೆಸಿ, ಸಾಕಣೆಯ ಸಿಗಡಿಗಳಿಗೆ ಉಣಿಸಬೇಕೆಂಬುದು ಅವನ ಹಟ. ಪ್ರಯೋಗದ ಡ್ರಮ್ಮುಗಳು ನನ್ನ ತಾರಸಿಯ ಮೇಲಿವೆ. ಡಿಸೆಂಬರಿನ ಚಳಿಯಲ್ಲಿ ಅವಕ್ಕೆ ತನ್ನ ಕಂಬಳಿ ಹೊದಿಸಿ, ತಾನು ಹಾಸಿಗೆಯ ಚಾದರ ಹೊದ್ದು ಮಲಗುತ್ತಾನೆ. ಯಾರಾದರೂ ಹೊಟ್ಟೆ ಸರಿಯಿಲ್ಲವೆಂದರೆ, "ನಮ್ಮ ಸಿಗಡಿಗೂ ಹಿಂಗ ಆಗಿತ್ತರಿ" ಎಂದು ಕುರ್ಚಿ ಎಳೆದುಕೊಳ್ಳುತ್ತಾನೆ. ವಾಸನೆಯ ಬಗ್ಗೆ ನಾನು ಬೈದರಂತೂ ಹಿಗ್ಗಿ, ನೋಟ್‌ಬುಕ್ ತೆರೆಯುತ್ತಿದ್ದ: "ಎಂಥಾ ವಾಸನಿ ಐತ್ರಿ ಅಮ್ಮಾರ? ಮೊಸರಿನ ಹುಳಿನೋ, ಕೊಳತದ್ದೋ?" ಚೇಷ್ಟೆಯೆಂದುಕೊಂಡು ಒಂದು ದಿನ ಗದರಿದೆ. ಆಗ ತಲೆ ತಗ್ಗಿಸಿ ಹೇಳಿದ: "ಕೋವಿಡ್ ಬಂದು ಹ್ವಾದ ಮ್ಯಾಲೆ ನನ್ನ ಮೂಗಿಗೆ ಏನೂ ತಿಳಿಯಂಗಿಲ್ರಿ. ಕಾರ್ಖಾನ್ಯಾಗ ಗೊತ್ತಾದ್ರ ಈ ಕೆಲಸ ಬ್ಯಾರೆಯವ್ರಿಗೆ ಕೊಡ್ತಾರ." ಹುಳಿ ಅಳೆಯುವ ಮೀಟರು ಏಕೆ ಸಾಲದೆಂದು ಕೇಳಿದೆ. "ಎಷ್ಟು ಹುಳಿ ಅಂತ ಮೀಟರ್ ಹೇಳತೈತ್ರಿ, ಕೆಟ್ಟೈತಿ ಅಂತ ಮೂಗ ಹೇಳಬೇಕು." ಉತ್ತರ ಸರಿಯಾಗಿತ್ತು. ಅಂದಿನಿಂದ ಬೆಳಿಗ್ಗೆ ಏಳಕ್ಕೆ ತಾರಸಿ ಹತ್ತಿ, ಒಂದೊಂದೇ ಡ್ರಮ್ಮಿನ ಮುಚ್ಚಳ ತೆಗೆದು ನಾನೇ ಮೂಸುತ್ತೇನೆ, ಅವನು ಬರೆದುಕೊಳ್ಳುತ್ತಾನೆ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ದೂರು ತಂದರೆ, "ಮೊಸರಿನ ಹುಳಿಯೋ, ಕೊಳೆತದ್ದೋ? ಕೈ ತೆಗೆದು ಸರಿಯಾಗಿ ಮೂಸಿ ಹೇಳಿ" ಎನ್ನುತ್ತೇನೆ.