ಕಣ್ಣಿಗೆ ಬಿದ್ದ ಒಂದು ಎಳೆ

“ಅಲ್ಲಿ ಇನ್ನೂ ಒಂದು ಎಳೆ ಐತಲ್ಲಮ್ಮಾ!” ಟೀ ಕೊಡಲು ಬಂದ ಪಕ್ಕದ ಮನೆಯ ನೂರ್ ಆಂಟಿ ನನ್ನ ಕಂಪ್ಯೂಟರ್ ಪರದೆಯತ್ತ ಬೆರಳು ತೋರಿಸಿದಾಗ ನನಗೆ ರೇಗಿಹೋಯಿತು. ಅವರ ಸೆರಗಿನಿಂದ ಬರುತ್ತಿದ್ದ ಬೆಂದ ರೇಷ್ಮೆಗೂಡಿನ ವಾಸನೆಗೆ ಮೊದಲೇ ಮೂಗು ಮುಚ್ಚಿಕೊಂಡಿದ್ದೆ.

ಶಿಡ್ಲಘಟ್ಟದ ಮನೆಯಲ್ಲಿ ಕೂತು, ಯೂಟ್ಯೂಬ್ ನೋಡಿಕೊಂಡೇ ಕಂಪ್ಯೂಟರಿನಲ್ಲಿ ಸಿನಿಮಾ ದೃಶ್ಯ ತಿದ್ದುವ ವಿಎಫ್ಎಕ್ಸ್ ಕಲಿತವಳು ನಾನು. ಸಿನಿಮಾ ಸ್ಟುಡಿಯೊವೊಂದು ಕೆಲಸ ಕೊಡುವ ಮುನ್ನ ಪರೀಕ್ಷೆಗೆಂದು ಒಂದು ದೃಶ್ಯ ಕಳಿಸಿತ್ತು. ಗಾಳಿಯಲ್ಲಿ ಹಾರುವ ಹೀರೊಗೆ ಕಟ್ಟಿದ ತಂತಿಗಳು ಒಂದೂ ಕಾಣದಂತೆ ಅಳಿಸಬೇಕಿತ್ತು. ನಾಲ್ಕು ದಿನ ಅಳಿಸಿ, ಇನ್ನೇನು ಕಳಿಸುವುದರಲ್ಲಿದ್ದೆ.

ದೃಶ್ಯವನ್ನು ದೊಡ್ಡದು ಮಾಡಿ ನೋಡಿದೆ. ಹೀರೊನ ಭುಜದ ಹಿಂದೆ, ಬೂದು ಗೋಡೆಯ ಮೇಲೆ, ಕೂದಲಿಗಿಂತ ತೆಳ್ಳಗಿನ ತಂತಿಯೊಂದು ಇದ್ದೇ ಇತ್ತು! ಹೇಗೆ ಕಂಡಿತು ಎಂದು ಕೇಳಿದೆ. ಮೂವತ್ತು ವರ್ಷ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ನೂಲು ತೆಗೆಯುತ್ತಾ ಬಂದಿದ್ದ ಆಂಟಿ, ಬಿಳಿಚಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಕ್ಕರು.

“ನೆಟ್ಟಗೆ ನೋಡಿದ್ರೆ ಎಳೆ ಕಾಣಲ್ಲ ಕಣಮ್ಮಾ, ತಲೆ ಓರೆ ಮಾಡಿ ನೋಡ್ಬೇಕು. ನಾನು ಎಳೆ ಕಿತ್ತೋಗ್ದಂಗೆ ನೋಡ್ಕೊಂಡು ಬದುಕಿದೋಳು. ನೀನು ಎಳೆ ಅಳಿಸಿ ಬದುಕ್ತೀಯಾ!”

ಕೆಲಸ ಸಿಕ್ಕಿತು. ಆಂಟಿ ಈಗಿಲ್ಲ. ಆದರೂ ಪ್ರತಿ ದೃಶ್ಯ ಕಳಿಸುವ ಮುನ್ನ ಕುರ್ಚಿ ಹಿಂದೆ ಸರಿಸಿ, ತಲೆ ಓರೆ ಮಾಡಿ ನೋಡುತ್ತೇನೆ. ಸ್ಟುಡಿಯೊದ ಎಸಿ ಕೋಣೆಯಲ್ಲಿ ಆಗೊಮ್ಮೆ ಬೆಂದ ಗೂಡಿನ ವಾಸನೆ ಬಂದಂತಾಗುತ್ತದೆ. ಈಗ ಮೂಗು ಮುಚ್ಚಿಕೊಳ್ಳುವುದಿಲ್ಲ, ಉಸಿರೆಳೆದುಕೊಳ್ಳುತ್ತೇನೆ.